ಲ್ಯಾಪ್ರೋಸ್ಕೋಪಿ ಬಾಕ್ಸ್ ಟ್ರೈನರ್ ರಿವ್ಯೂ: ಒಬಿಜಿ ಪಿಜಿಗಳು ತಗೋಬಹುದಾ?

ಲ್ಯಾಪ್ರೋಸ್ಕೋಪಿ ಅಂದರೆ ಹೊಟ್ಟೆಗೆ ಸಣ್ಣ ತೂತು ಹಾಕಿ, ಕ್ಯಾಮೆರಾದಲ್ಲಿ ನೋಡುತ್ತಾ ಮಾಡುವ ಆಪರೇಷನ್; ಬಾಕ್ಸ್ ಟ್ರೈನರ್ ಅಂದರೆ ಅದನ್ನು ಪ್ರಾಕ್ಟೀಸ್ ಮಾಡುವ ಡಬ್ಬ. ಒಬಿಜಿ ಪಿಜಿಗಳು, ಅಂದರೆ ಪ್ರಸೂತಿ ಮತ್ತು ಸ್ತ್ರೀರೋಗದಲ್ಲಿ ಸ್ನಾತಕೋತ್ತರ ಓದುವ ಡಾಕ್ಟರುಗಳು, ಇದನ್ನು ತಗೋಬಹುದು. ಆದರೆ ಮೊದಲ ವರ್ಷದಲ್ಲೇ ತಗೊಳ್ಳಿ, ದುಬಾರಿ ಮಾಡೆಲ್ ಬೇಡ, ಮತ್ತು ಜೊತೆಯಲ್ಲಿ ಬರುವ ನೀಡಲ್ ಹೋಲ್ಡರ್ (ಸೂಜಿ ಹಿಡಿಯುವ ಚಿಮುಟ) ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಉಳಿದವರಿಗೆ ವಿವರ ಕೆಳಗಿದೆ. ಸ್ವಲ್ಪ ಉದ್ದ ಇದೆ, ನೈಟ್ ಡ್ಯೂಟಿಯಲ್ಲಿ ಪೇಷಂಟಿನ ಗರ್ಭಕೋಶದ ಬಾಯಿ ಇನ್ನೂ 4 ಸೆಂಟಿಮೀಟರ್ ತೆರೆದಿಲ್ಲದಾಗ ಓದಿಕೊಳ್ಳಿ.

ನಾನು ಎಂಎಸ್ ಒಬಿಜಿ ಮುಗಿಸಿ ಈಗ ಸೀನಿಯರ್ ರೆಸಿಡೆಂಟ್. ಈ ಡಬ್ಬ ಕೊಂಡದ್ದು ಫಸ್ಟ್ ಇಯರ್ ಮುಗಿಯುವ ಹೊತ್ತಿಗೆ, ಆನ್‌ಲೈನಿನಲ್ಲಿ. ದುಡ್ಡು ನನ್ನದೇ, ಯಾವ ಕಂಪನಿಯೂ ಪುಕ್ಕಟೆ ಕೊಟ್ಟಿಲ್ಲ. ಬ್ರಾಂಡ್ ಹೆಸರು ಹಾಕುತ್ತಿಲ್ಲ. ನಮ್ಮಲ್ಲಿ ಸಿಗುವ ಮಧ್ಯಮ ಬೆಲೆಯ ಡಬ್ಬಗಳು ಒಳಗೆ ಹೆಚ್ಚುಕಮ್ಮಿ ಒಂದೇ ತರ. ಹೊರಗಿನ ಸ್ಟಿಕರ್ ಮಾತ್ರ ಬೇರೆ.

ಒಳಗೆ ಏನಿರುತ್ತದೆ ಅಂದರೆ, ಸೂಟ್‌ಕೇಸ್ ಅಗಲದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಮೇಲೆ ರಬ್ಬರ್ ಮುಚ್ಚಿದ ತೂತುಗಳು, ಒಳಗೆ ಎಲ್ಇಡಿ ಲೈಟು, ಒಂದು ವೆಬ್‌ಕ್ಯಾಮ್. ಯುಎಸ್‌ಬಿ ವೈರ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಪೆಟ್ಟಿಗೆ ಒಳಗಿನದು ಸ್ಕ್ರೀನ್ ಮೇಲೆ ಕಾಣುತ್ತದೆ. 5 ಮಿಲಿಮೀಟರಿನ ಉದ್ದ ಇನ್‌ಸ್ಟ್ರುಮೆಂಟುಗಳು ನಾಲ್ಕು: ಗ್ರಾಸ್ಪರ್ (ಹಿಡಿಯುವ ಚಿಮುಟ), ಮೇರಿಲ್ಯಾಂಡ್ (ಬಾಗಿದ ತುದಿಯ ಚಿಮುಟ), ಕತ್ತರಿ, ನೀಡಲ್ ಹೋಲ್ಡರ್. ಜೊತೆಗೆ ಸಣ್ಣ ಗೂಟಗಳ ಪೆಗ್ ಬೋರ್ಡು, ಸೂಚರ್ (ಹೊಲಿಗೆ) ಹಾಕಲು ಒಂದು ಸಿಲಿಕೋನ್ ಪ್ಯಾಡು. ಎಲ್ಲ ಸೇರಿ ನನಗೆ ಬಿದ್ದದ್ದು 14 ಸಾವಿರ ಚಿಲ್ಲರೆ. ಸ್ಟೈಪೆಂಡ್ ಎರಡು ತಿಂಗಳಿಂದ ಬಂದಿರದ ಕಾಲದಲ್ಲಿ ಅದು ಸಣ್ಣ ಮೊತ್ತವೇನಲ್ಲ.

ಈಗ, ಇದು ನಮಗೆ ಯಾಕೆ ಬೇಕು? ನಮ್ಮ ಟ್ರೈನಿಂಗ್ ಹೇಗಿರುತ್ತದೆ ಅಂತ ಹೊರಗಿನವರಿಗೆ ಅಷ್ಟು ಗೊತ್ತಿರುವುದಿಲ್ಲ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಆಮೇಲೆ ನೀಟ್ ಪಿಜಿ ಅನ್ನುವ ಗಂಡಾಂತರ, ಅದು ದಾಟಿದರೆ ಮೂರು ವರ್ಷ ಎಂಎಸ್. ಇದೇ ಒಬಿಜಿ ಕಲಿಯಲು ಅಮೆರಿಕದಲ್ಲಿ ರೆಸಿಡೆನ್ಸಿ 4 ವರ್ಷ, ಬ್ರಿಟನ್ನಿನಲ್ಲಿ 7 ವರ್ಷ. ನಮ್ಮ ಮೂರು ವರ್ಷದಲ್ಲಿ ಥೀಸಿಸ್ಸೂ ಬಂತು, ಲಾಗ್ ಬುಕ್ಕೂ ಬಂತು, ಜಿಲ್ಲಾ ಆಸ್ಪತ್ರೆಯ 3 ತಿಂಗಳ ಡಿಸ್ಟ್ರಿಕ್ಟ್ ರೆಸಿಡೆನ್ಸಿಯೂ ಬಂತು.

ಈ ಮೂರು ವರ್ಷದಲ್ಲಿ ಪ್ರಸೂತಿ ಭಾಗವನ್ನು ನಾವು ಚೆನ್ನಾಗಿಯೇ ಕಲಿಯುತ್ತೇವೆ. ಇದರಲ್ಲಿ ಅನುಮಾನ ಬೇಡ. ಫಸ್ಟ್ ಇಯರ್ ಪೂರ್ತಿ ಲೇಬರ್ ರೂಮಿನಲ್ಲೇ ಕಳೆದುಹೋಗುತ್ತದೆ. ಹೆರಿಗೆ ಹೇಗೆ ಸಾಗುತ್ತಿದೆ ಅನ್ನುವ ಪಾರ್ಟೋಗ್ರಾಫ್ ಚಾರ್ಟ್ ತುಂಬುವುದು, ಹೆರಿಗೆಗೆ ಕೊಯ್ದ ಜಾಗ (ಎಪಿಸಿಯೋಟಮಿ) ಹೊಲಿಯುವುದು, ಹೆರಿಗೆ ಆದ ಮೇಲೆ ರಕ್ತ ನಿಲ್ಲದಿದ್ದರೆ ಒಂದು ಕೈಯಲ್ಲಿ ಗರ್ಭಕೋಶ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಸನ್ನೆ ಮಾಡಿ ಬ್ಲಡ್ ತರಿಸುವುದು. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಇಂಥ ಕಡೆ ಓದಿದವರಿಗೆ ಹೆರಿಗೆ ಕಮ್ಮಿ ಸಿಕ್ಕಿತು ಅನ್ನುವ ಮಾತೇ ಇಲ್ಲ. ಸಿಸೇರಿಯನ್ನಂತೂ ಕೇಳಲೇಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31ಕ್ಕೂ ಜಾಸ್ತಿ ಹೆರಿಗೆ ಸಿಸೇರಿಯನ್. ಅದು ಒಳ್ಳೆಯದಾ ಕೆಟ್ಟದ್ದಾ ಅನ್ನುವುದು ಬೇರೆ ಜಗಳ. ಅದರ ಒಂದು ಪರಿಣಾಮ ಏನಂದರೆ, ಸೆಕೆಂಡ್ ಇಯರ್ ಮುಗಿಯುವಷ್ಟರಲ್ಲಿ ಪಿಜಿ ಕೈ ಸಿಸೇರಿಯನ್‌ಗೆ ಪಳಗಿರುತ್ತದೆ.

ಲ್ಯಾಪ್, ಅಂದರೆ ಲ್ಯಾಪ್ರೋಸ್ಕೋಪಿ ವಿಷಯಕ್ಕೆ ಬಂದರೆ ಕಥೆ ಬೇರೆ. ವಾರದ ಓಟಿ (ಆಪರೇಷನ್ ಥಿಯೇಟರ್) ಲಿಸ್ಟಿನಲ್ಲಿ ಒಂದೋ ಎರಡೋ ಲ್ಯಾಪ್ ಕೇಸು ಇರುತ್ತವೆ. ಯೂನಿಟ್ ಚೀಫ್ ಮಾಡುತ್ತಾರೆ. ಅಸಿಸ್ಟೆಂಟ್ ಪ್ರೊಫೆಸರ್ ಅಸಿಸ್ಟ್ ಮಾಡುತ್ತಾರೆ. ಥರ್ಡ್ ಇಯರ್ ಕ್ಯಾಮೆರಾ ಹಿಡಿಯುತ್ತಾರೆ. ಜೂನಿಯರ್ ಪಿಜಿ ಪೇಷಂಟಿನ ಕಾಲ ಬಳಿ ಕೂತು ಯುಟೆರೈನ್ ಮ್ಯಾನಿಪ್ಯುಲೇಟರ್, ಅಂದರೆ ಕೆಳಗಿನಿಂದ ಗರ್ಭಕೋಶ ಅಲ್ಲಾಡಿಸುವ ಕೋಲು, ಹಿಡಿಯುತ್ತಾರೆ. ಅಲ್ಲಿಂದ ಮಾನಿಟರ್ ಅರ್ಧ ಕಾಣುತ್ತದೆ, ಅರ್ಧ ಅನೆಸ್ತೀಷಿಯಾದವರ ಬೆನ್ನು ಕಾಣುತ್ತದೆ. "ಮೇಲೆ ಎತ್ತು, ಎಡಕ್ಕೆ, ನನ್ನ ಎಡಕ್ಕಲ್ಲ, ಪೇಷಂಟ್ ಎಡಕ್ಕೆ" ಅನ್ನುವುದು ಕೇಳಿಸುತ್ತಾ ಇರುತ್ತದೆ. ಕೇಸ್ ಮುಗಿಯುವ ಹೊತ್ತಿಗೆ ಭುಜ ಹಿಡಿದುಕೊಂಡಿರುತ್ತದೆ. ಲಾಗ್ ಬುಕ್ಕಿನಲ್ಲಿ 'ಅಸಿಸ್ಟೆಡ್' ಅಂತ ಒಂದು ಸಾಲು ಸೇರುತ್ತದೆ.

ಲ್ಯಾಪ್ ಟ್ಯೂಬೆಕ್ಟಮಿ (ಮಕ್ಕಳಾಗದ ಆಪರೇಷನ್) ಸಿಗುವುದಿಲ್ವಾ ಅಂತ ಕೇಳಬಹುದು. ಸಿಗುತ್ತದೆ, ಕೆಲವು ಕಡೆ ಚೆನ್ನಾಗಿಯೇ ಸಿಗುತ್ತದೆ. ಆದರೆ ಅದು ಒಂದೇ ತೂತಿನ ಕೆಲಸ. ಕಣ್ಣು ಹಾಕುವುದೂ ಅಲ್ಲಿಂದಲೇ, ಟ್ಯೂಬು ಮುಚ್ಚಲು ಫಾಲೋಪ್ ರಿಂಗ್ ಹಾಕುವುದೂ ಅಲ್ಲಿಂದಲೇ. ಹೊಟ್ಟೆ ಒಳಗೆ ಹೋಗುವ ಧೈರ್ಯ ಅದರಿಂದ ಬರುತ್ತದೆ. ಎರಡು ಕೈ ಬೇರೆ ಬೇರೆ ಕೆಲಸ ಮಾಡುತ್ತಾ ಸ್ಕ್ರೀನ್ ನೋಡುವುದು ಮಾತ್ರ ಅದರಿಂದ ಬರುವುದಿಲ್ಲ.

ಇಲ್ಲೇ ನನಗೆ ಹೊಟ್ಟೆ ಉರಿಯುವುದು. ಯಾಕಂದರೆ ಲ್ಯಾಪ್ರೋಸ್ಕೋಪಿ ಅನ್ನುವುದು ಅರ್ಧಕ್ಕರ್ಧ ನಮ್ಮವರೇ, ಅಂದರೆ ಗೈನಕಾಲಜಿಸ್ಟರೇ, ಬೆಳೆಸಿದ ವಿದ್ಯೆ. 1940ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಲ್ಯಾಪ್ರೋಸ್ಕೋಪ್ ಹಾಕಿ ಹೆಂಗಸರ ಗರ್ಭಕೋಶ, ಅಂಡಾಶಯ ನೋಡಲು ಶುರುಮಾಡಿದ ರೌಲ್ ಪಾಮರ್ ಗೈನಕಾಲಜಿಸ್ಟ್. ಈಗಲೂ ಎಡ ಪಕ್ಕೆಲುಬಿನ ಕೆಳಗೆ ಮೊದಲ ಸೂಜಿ ಹಾಕುವ ಪಾಮರ್ಸ್ ಪಾಯಿಂಟ್ ಅಂತ ನಾವು ವೈವಾದಲ್ಲಿ ಹೇಳುವುದು ಅವರ ಹೆಸರನ್ನೇ. 1980ರಲ್ಲಿ ಜರ್ಮನಿಯ ಕೀಲ್ ಊರಿನಲ್ಲಿ ಮೊದಲ ಸಲ ಲ್ಯಾಪ್ರೋಸ್ಕೋಪಿಯಲ್ಲಿ ಅಪೆಂಡಿಕ್ಸ್ ತೆಗೆದ ಕುರ್ಟ್ ಸೆಮ್ ಕೂಡ ಗೈನಕಾಲಜಿಸ್ಟೇ. ಸರ್ಜನ್‌ಗಳು ಆಗ ಅವರ ಮೇಲೆ ಹರಿಹಾಯ್ದಿದ್ದರು. 1988ರಲ್ಲಿ ಮೊದಲ ಲ್ಯಾಪ್ರೋಸ್ಕೋಪಿಕ್ ಹಿಸ್ಟರೆಕ್ಟಮಿ (ಗರ್ಭಕೋಶ ತೆಗೆಯುವ ಆಪರೇಷನ್) ಮಾಡಿದ ಪೆನ್ಸಿಲ್ವೇನಿಯಾದ ಹ್ಯಾರಿ ರೈಕ್ ಕೂಡ ನಮ್ಮವರೇ. ಅಷ್ಟೇ ಯಾಕೆ, ಈ ಪ್ರಾಕ್ಟೀಸ್ ಡಬ್ಬದ ಮೂಲವೂ ಅದೇ ಸೆಮ್ ಮಾಡಿಸಿದ ಪೆಲ್ವಿ-ಟ್ರೈನರ್. ಇಷ್ಟೆಲ್ಲಾ ಆದ ಮೇಲೆ ನಮ್ಮ ಒಬಿಜಿ ಪಿಜಿ ಮಾತ್ರ ಮ್ಯಾನಿಪ್ಯುಲೇಟರ್ ಹಿಡಿದು ಕೂತಿರುತ್ತಾರೆ, ಪಕ್ಕದ ಓಟಿಯಲ್ಲಿ ಸರ್ಜರಿ ಪಿಜಿ ಗಾಲ್‌ಬ್ಲ್ಯಾಡರ್ ಬಿಡಿಸುತ್ತಿರುತ್ತಾರೆ.

ಸರಿ, ಡಬ್ಬಕ್ಕೆ ಬರೋಣ.

ಮೊದಮೊದಲು ತಲೆ ಕೆಡುತ್ತದೆ. ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ, ಕೈ ಮೇಲೆತ್ತಿದರೆ ತುದಿ ಕೆಳಗಿಳಿಯುತ್ತದೆ. ತೂತಿನಲ್ಲಿ ಸಿಕ್ಕಿಕೊಂಡ ಕೋಲು ಸನ್ನೆಗೋಲಿನಂತೆ ತಿರುಗುತ್ತದೆ, ಅದಕ್ಕೆ ಹೀಗೆ. ಸ್ಕ್ರೀನಿನಲ್ಲಿ ಆಳ ಗೊತ್ತಾಗುವುದಿಲ್ಲ. ರಿಂಗ್ ಹಿಡಿದೆ ಅಂದುಕೊಂಡು ಮುಚ್ಚಿದರೆ ಗ್ರಾಸ್ಪರ್ ಬರೀ ಗಾಳಿ ಹಿಡಿದಿರುತ್ತದೆ. ಇದಕ್ಕೆ ಪೆಗ್ ಟ್ರಾನ್ಸ್‌ಫರ್ ಮದ್ದು. ಆರು ರಬ್ಬರ್ ತುಂಡುಗಳನ್ನು ಎಡಗೈಯಲ್ಲಿ ಎತ್ತಿ, ಗಾಳಿಯಲ್ಲೇ ಬಲಗೈಗೆ ದಾಟಿಸಿ, ಆ ಕಡೆ ಪೆಗ್ಗಿಗೆ ಹಾಕುವುದು, ಆಮೇಲೆ ಅದನ್ನೇ ವಾಪಸ್ ಮಾಡುವುದು. ಲ್ಯಾಪ್ರೋಸ್ಕೋಪಿಯ ಮೂಲ ಕೌಶಲ ಅಳೆಯುವ ಅಮೆರಿಕದವರ ಎಫ್‌ಎಲ್‌ಎಸ್ ಪರೀಕ್ಷೆಯ ಅಭ್ಯಾಸಕ್ಕೆ ಇಟ್ಟಿರುವ ಗುರಿ 48 ಸೆಕೆಂಡು. ಕೇಳಲು ಸುಲಭ ಅನ್ನಿಸುತ್ತದೆ ಅಲ್ವಾ? ಮಾಡಿ ನೋಡಿ. ಅಲ್ಲಿ 2020ರ ಮೇ ನಂತರ ರೆಸಿಡೆನ್ಸಿ ಮುಗಿಸುವ ಒಬಿಜಿಯವರಿಗೆ ಬೋರ್ಡ್ ಸರ್ಟಿಫಿಕೇಟ್ ಬೇಕಿದ್ದರೆ ಈ ಎಫ್‌ಎಲ್‌ಎಸ್ ಇಲ್ಲವೇ ಅದಕ್ಕೆ ಬದಲಿಯಾಗಿ ಬೋರ್ಡ್ ಒಪ್ಪುವ ಪರೀಕ್ಷೆ ಪಾಸಾಗಲೇಬೇಕು. ನಮ್ಮಲ್ಲಿ ಸ್ಕಿಲ್ ಲ್ಯಾಬ್ ಇರಬೇಕು ಅನ್ನುವ ನಿಯಮ ಇದೆ. ನಮ್ಮಲ್ಲೂ ಲ್ಯಾಬ್ ಇತ್ತು, ಬೀಗವೂ ಇತ್ತು. ಕೀ ಇರುವವರು ಸಂಜೆ 4 ಗಂಟೆಗೆ ಮನೆಗೆ ಹೋಗುತ್ತಿದ್ದರು, ನಾವು ಓಟಿಯಿಂದ ಹೊರಗೆ ಬರುತ್ತಿದ್ದದ್ದು 5ಕ್ಕೆ. ನಾನು ದುಡ್ಡು ಕೊಟ್ಟು ಕೊಂಡದ್ದು ಡಬ್ಬ ಅನ್ನುವುದಕ್ಕಿಂತ ಆ ಕೀ ಅನ್ನಬೇಕು. ರಾತ್ರಿ ಹತ್ತಕ್ಕೆ ಹಾಸ್ಟೆಲ್ ರೂಮಿನಲ್ಲಿ ಬನಿಯನ್ ಹಾಕಿಕೊಂಡು ಪ್ರಾಕ್ಟೀಸ್ ಮಾಡಬಹುದು. ಇದಕ್ಕೊಂದು ಸ್ಟಾರ್ ಪೂರ್ತಿ ಕೊಡುತ್ತೇನೆ.

ಜೊತೆಗೆ ಬಂದ ಪೆಗ್ ಬೋರ್ಡ್ ಬೇಗ ಬೇಜಾರಾಗುತ್ತದೆ. ಅದರಾಚೆಗೆ ಕಂಪನಿಯವರ ಮಾಡ್ಯೂಲ್ ಕೊಳ್ಳಬೇಡಿ, ಸುಮ್ನೆ ದಂಡ. ಅಡುಗೆಮನೆಯಲ್ಲೇ ಬೇಕಾದಷ್ಟಿದೆ. ಅವರೆಕಾಯಿ ಕಾಲದಲ್ಲಿ ಕಾಳು ನೆನೆಸಿ ಡಬ್ಬದೊಳಗೆ ಇಟ್ಟು, ಎಡಗೈ ಗ್ರಾಸ್ಪರಿನಲ್ಲಿ ಹಿಡಿದು ಬಲಗೈ ಮೇರಿಲ್ಯಾಂಡಿನಿಂದ ಸಿಪ್ಪೆ ಹಿದುಕಿ. ಜಾಸ್ತಿ ಒತ್ತಿದರೆ ಕಾಳು ಚಿಮ್ಮಿ ಕ್ಯಾಮೆರಾ ಹಿಂದೆ ಹೋಗಿ ಕೂರುತ್ತದೆ. ಕಮ್ಮಿ ಒತ್ತಿದರೆ ಸಿಪ್ಪೆ ಜಾರುತ್ತದೆ. ಎಷ್ಟು ಒತ್ತಡ ಬೇಕು ಅನ್ನುವುದು ಬೆರಳಿಗೆ ಗೊತ್ತಾಗಲು ಇದಕ್ಕಿಂತ ಒಳ್ಳೆಯ ಪಾಠ ನಾನು ನೋಡಿಲ್ಲ. ಹಿದುಕಿದ ಬೇಳೆ ಸಾರು ಮಾಡುವಷ್ಟು ಆಗುವುದಿಲ್ಲ, ಆಸೆ ಬೇಡ.

ಇನ್ನೊಂದು ಸಿಸ್ಟೆಕ್ಟಮಿ, ಅಂದರೆ ಅಂಡಾಶಯದ ಗಡ್ಡೆ (ಸಿಸ್ಟ್) ತೆಗೆಯುವ ಪಾಠ. ಒಂದು ಸಣ್ಣ ಬಲೂನಿಗೆ ನೀರು ತುಂಬಿ ಗಂಟು ಹಾಕಿ. ಅದನ್ನು ಸರ್ಜಿಕಲ್ ಗ್ಲೌಸಿನೊಳಗೆ ತೂರಿಸಿ, ಗ್ಲೌಸ್ ಬಿಗಿಯಾಗಿ ಕಟ್ಟಿ, ಪಿನ್ನಿನಿಂದ ಥರ್ಮೋಕೋಲಿಗೆ ಚುಚ್ಚಿ ನಿಲ್ಲಿಸಿ. ಗ್ಲೌಸ್ ಅಂದರೆ ಓವರಿ, ಬಲೂನ್ ಅಂದರೆ ಸಿಸ್ಟ್. ಗ್ಲೌಸನ್ನು ಮಾತ್ರ ಕತ್ತರಿಸಿ, ಎರಡು ಪದರ ಬಿಡಿಸಿ, ಬಲೂನ್ ಒಡೆಯದೆ ಹೊರಗೆ ತೆಗೆಯಬೇಕು. ಒಡೆದರೆ ಡಬ್ಬದ ತುಂಬಾ ನೀರು, ವೆಬ್‌ಕ್ಯಾಮ್‌ಗೆ ಸೀರೆ ಉಡಿಸಿದ ಹಾಗೆ ಪ್ಲಾಸ್ಟಿಕ್ ಸುತ್ತಿಡಿ. ನಿಜವಾದ ಡರ್ಮಾಯ್ಡ್ ಸಿಸ್ಟ್ ಹೊಟ್ಟೆಯೊಳಗೆ ಒಡೆದು ಕೂದಲು, ಜಿಡ್ಡು ಚೆಲ್ಲಿದ್ದನ್ನು ಒಂದು ಸಲ ತೊಳೆದು ನೋಡಿದವರಿಗೆ ಈ ಪಾಠದ ಬೆಲೆ ಗೊತ್ತು.

ಆದರೆ ಡಬ್ಬಕ್ಕೆ ಕೊಟ್ಟ ಕಾಸು ವಸೂಲಾಗುವುದು ಗಂಟಿನಲ್ಲಿ. ಒಳಗೇ ಗಂಟು ಹಾಕುವುದು, ಇಂಟ್ರಾಕಾರ್ಪೋರಿಯಲ್. ಟಿಎಲ್‌ಎಚ್‌ನಲ್ಲಿ (ಪೂರ್ತಿ ಲ್ಯಾಪ್ರೋಸ್ಕೋಪಿಯಲ್ಲೇ ಮಾಡುವ ಹಿಸ್ಟರೆಕ್ಟಮಿ) ಗರ್ಭಕೋಶ ತೆಗೆದ ಮೇಲೆ ವಾಲ್ಟ್, ಅಂದರೆ ಯೋನಿಯ ಮೇಲ್ತುದಿ, ಹೊಲಿಯಬೇಕಲ್ಲ, ಅಲ್ಲೇ ಎಲ್ಲರ ಬಣ್ಣ ಬಯಲಾಗುವುದು. ಮುಕ್ಕಾಲು ಗಂಟೆಯಲ್ಲಿ ಗರ್ಭಕೋಶ ಬಿಡಿಸಿದವರು ವಾಲ್ಟ್‌ಗೆ ಅದಕ್ಕಿಂತ ಜಾಸ್ತಿ ಹೊತ್ತು ತಗೊಂಡದ್ದನ್ನು ನೋಡಿದ್ದೇನೆ. ಕೊನೆಗೆ ಕೆಳಗಿನಿಂದಲೇ ಹೊಲಿದು ಮುಗಿಸುವವರೂ ಇದ್ದಾರೆ. ಅದೇನು ತಪ್ಪಲ್ಲ.

ಡಬ್ಬದಲ್ಲಿ ಮಾಡುವ ಕ್ರಮ ಹೀಗೆ. ದಾರ 15 ಸೆಂಟಿಮೀಟರಿಗೆ ಕತ್ತರಿಸಿ. ಇದಕ್ಕಿಂತ ಉದ್ದ ಬಿಟ್ಟರೆ ಸ್ಕ್ರೀನ್ ತುಂಬಾ ದಾರವೇ. ಸೂಜಿಯನ್ನು ಹೋಲ್ಡರಿಗೆ ಲಂಬವಾಗಿ ಕೂರಿಸಿ. ಮೊದಲ ವಾರಗಳಲ್ಲಿ ಇಷ್ಟಕ್ಕೇ ಜೀವ ಹೋಗುತ್ತದೆ. ಸೂಜಿಯನ್ನು ನೇರ ಹಿಡಿಯಲು ಒದ್ದಾಡುವ ಬದಲು, ಸೂಜಿಯ ಪಕ್ಕದ ದಾರವನ್ನು ಎಡಗೈಯಲ್ಲಿ ಹಿಡಿದು ನಿಧಾನಕ್ಕೆ ಎಳೆದರೆ ಸೂಜಿ ತಾನೇ ತಿರುಗಿ ನಿಲ್ಲುತ್ತದೆ. ಪ್ಯಾಡಿನಲ್ಲಿ ತೂರಿಸಿದ ಮೇಲೆ ದಾರ ಎಳೆದು, ಚಿಕ್ಕ ಬಾಲ ಎರಡು ಸೆಂಟಿಮೀಟರ್‌ನಷ್ಟು ಮಾತ್ರ ಬಿಡಿ. ಉದ್ದ ದಾರ ಸಿ ಆಕಾರದಲ್ಲಿ ಮಲಗಲಿ. ಆ ಸಿ ಒಳಗೆ ಇನ್ನೊಂದು ಇನ್‌ಸ್ಟ್ರುಮೆಂಟನ್ನು ಇಟ್ಟು ದಾರವನ್ನೇ ಅದರ ಸುತ್ತ ಎರಡು ಸಲ ಸುತ್ತಿಸಿ, ಬಾಲ ಹಿಡಿದು ಎಳೆಯಿರಿ. ಆಮೇಲೆ ಒಂದೊಂದೇ ಸುತ್ತು, ದಿಕ್ಕು ಬದಲಿಸಿ, ಇನ್ನೆರಡು. ಎಫ್‌ಎಲ್‌ಎಸ್ ಅಭ್ಯಾಸದ ಗುರಿ ಇದಕ್ಕೆ 112 ಸೆಕೆಂಡು. ಅದಕ್ಕೆ ಬಂದ ದಿನ ನಾನು ರೂಮ್‌ಮೇಟನ್ನು ಎಬ್ಬಿಸಿ ತೋರಿಸಿದೆ, ಅವಳು ಬೈದು ಮಲಗಿದಳು.

ಫಲ ಸಿಕ್ಕಿತಾ? ಸಿಕ್ಕಿತು. ಥರ್ಡ್ ಇಯರ್‌ನಲ್ಲಿ ಮೇಡಂ ಒಂದು ದಿನ ವಾಲ್ಟ್‌ನ ಕೊನೆಯ ಗಂಟು ಕೊಟ್ಟರು. ಬೀಳದೆ ಕೂತಿತು. ಅದಾದ ಮೇಲೆ ಮ್ಯಾನಿಪ್ಯುಲೇಟರ್ ಸೀಟು ಜೂನಿಯರ್‌ಗೆ ಹೋಯಿತು. ಗುರುಗಳು ಕೇಸ್ ಕೊಡುವುದಿಲ್ಲ ಅಂತ ಎಲ್ಲ ಪಿಜಿಗಳೂ ಗೊಣಗುತ್ತೇವೆ. ಅವರ ಕಡೆಯಿಂದ ನೋಡಿದರೆ, ಟೇಬಲ್ ಮೇಲೆ ಇರುವುದು ಯಾರದೋ ಅಮ್ಮ, ಅನೆಸ್ತೀಷಿಯಾದವರು ಗಡಿಯಾರ ನೋಡುತ್ತಿದ್ದಾರೆ, ಇವಳಿಗೆ ಸೂಜಿ ಹಿಡಿಯಲು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬರುತ್ತದೆ ಅಂತ ಮೊದಲ ನಿಮಿಷದಲ್ಲೇ ಕಂಡರೆ ಎರಡನೇ ನಿಮಿಷವೂ ಕೊಡುತ್ತಾರೆ.

ಈಗ ಬೈಗುಳದ ಭಾಗ.

ಒಂದನೆಯ ದೂರು, ಮತ್ತು ದೊಡ್ಡದು: ಈ ಡಬ್ಬವನ್ನು ಗಾಲ್‌ಬ್ಲ್ಯಾಡರ್ ಸರ್ಜನ್‌ಗೆ ಅಂತ ಮಾಡಿದ್ದಾರೆ. ಕ್ಯಾಮೆರಾ ಮಧ್ಯೆ, ಎಡಕ್ಕೊಂದು ಬಲಕ್ಕೊಂದು ತೂತು, ನೀವು ನೇರ ಎದುರಿಗೆ. ನಮ್ಮ ಓಟಿಯಲ್ಲಿ ಹಾಗೆ ಯಾರು ನಿಲ್ಲುತ್ತಾರೆ? ಪೇಷಂಟಿನ ಎಡಕ್ಕೆ ನಿಂತು, ಎಡಗಡೆಯ ಎರಡೂ ಪೋರ್ಟಿನಿಂದ (ಹೊಟ್ಟೆಗೆ ಹಾಕಿದ ತೂತು) ಕೆಲಸ ಮಾಡುವವರೇ ನಮ್ಮಲ್ಲಿ ಜಾಸ್ತಿ. ಎರಡು ಕೋಲೂ ಒಂದೇ ಪಕ್ಕದಿಂದ ಬಂದಾಗ ಕೋನ ಪೂರ್ತಿ ಬದಲಾಗುತ್ತದೆ, ಡಬ್ಬದಲ್ಲಿ ಚಂದ ಬರುತ್ತಿದ್ದ ಸಿ ಅಲ್ಲಿ ಬರುವುದೇ ಇಲ್ಲ. ನಾನು ಬಿಸಿ ಸ್ಕ್ರೂಡ್ರೈವರಿನಿಂದ ಪಕ್ಕದಲ್ಲಿ ಎರಡು ತೂತು ಕೊರೆದು, ಹಳೆ ಗ್ಲೌಸಿನ ರಬ್ಬರ್ ಅಂಟಿಸಿಕೊಂಡೆ. ವಾರಂಟಿ ಹೋಯಿತು, ಹೋಗಲಿ. ಪೆಲ್ವಿ-ಟ್ರೈನರ್ ಮಾಡಿಸಿದವರು ಗೈನಕಾಲಜಿಸ್ಟ್, ನಾನು ಅದರಲ್ಲಿ ಪೆಲ್ವಿಸ್ ಕೆಲಸಕ್ಕೆ ತೂತು ಕೊರೆಯಬೇಕಾಯಿತು!

ಎರಡನೆಯದು, ಕ್ಯಾಮೆರಾ ಅಲ್ಲಾಡುವುದಿಲ್ಲ. ಪಿಜಿಗೆ ಓಟಿಯಲ್ಲಿ ಮೊದಲು ಸಿಗುವ ಮರ್ಯಾದೆಯ ಕೆಲಸವೇ ಕ್ಯಾಮೆರಾ ಹಿಡಿಯುವುದು. ಓರೆಯಾಗಿ ನೋಡುವ 30 ಡಿಗ್ರಿ ಸ್ಕೋಪ್ ತಿರುಗಿಸಿದರೆ ಏನು ಕಾಣುತ್ತದೆ, ಲೈಟ್ ಕೇಬಲ್ ಯಾವ ಕಡೆ ಇರಬೇಕು, ದಿಗಂತ ಓರೆಯಾಗದಂತೆ ಹೇಗೆ ಹಿಡಿಯಬೇಕು, ಇದ್ಯಾವುದೂ ಈ ಡಬ್ಬದಲ್ಲಿ ಕಲಿಯಲಾಗುವುದಿಲ್ಲ. ಯುರೋಪಿನ ಗೈನಕಾಲಜಿ ಎಂಡೋಸ್ಕೋಪಿಯವರ ಗೆಸಿಯಾ ಅನ್ನುವ ಪರೀಕ್ಷಾ ಪದ್ಧತಿಯಲ್ಲಿ ಕ್ಯಾಮೆರಾ ನಡೆಸುವುದೂ ಒಂದು ಪಾಠ. ಅವರಿಗೆ ನಮ್ಮ ಕಷ್ಟ ಗೊತ್ತಿದೆ.

ಉಳಿದವು ಚಿಲ್ಲರೆ. ವೆಬ್‌ಕ್ಯಾಮ್ ಚಿತ್ರ ಒಂದು ಗಳಿಗೆ ತಡವಾಗಿ ಬರುತ್ತದೆ, ಹಳೇ ಲ್ಯಾಪ್‌ಟಾಪಾದರೆ ಇನ್ನೂ ಜಾಸ್ತಿ. ಎಲ್ಇಡಿ ನೇರ ಸೂಜಿಗೆ ಹೊಡೆದು ಕಣ್ಣು ಕುಕ್ಕುತ್ತದೆ, ಮೇಲೆ ಒಂದು ಟ್ರೇಸಿಂಗ್ ಪೇಪರ್ ಅಂಟಿಸಿ. ಪೆಟ್ಟಿಗೆ ಹಗುರ, ಜೋರಾಗಿ ಎಳೆದರೆ ಮೇಜಿನ ಮೇಲೆ ಜಾರುತ್ತದೆ. ಕೆಳಗೆ ದಪ್ಪ ಪಠ್ಯಪುಸ್ತಕ ಇಟ್ಟು ಟೇಪ್ ಹಾಕಿ, ಪಠ್ಯಪುಸ್ತಕಕ್ಕೂ ಒಂದು ಉಪಯೋಗ. ನೀಡಲ್ ಹೋಲ್ಡರಿನ ರಾಚೆಟ್ ಲಾಕ್ ಸ್ವಲ್ಪ ಕಾಲಕ್ಕೇ ಸಡಿಲವಾಗಿ ಸೂಜಿ ಗಿರ್ರನೆ ತಿರುಗತೊಡಗಿತು. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ "ಮೇಡಂ, ಇದು ಟ್ರೈನಿಂಗ್ ಗ್ರೇಡ್" ಅಂದರು. ಟ್ರೈನಿಂಗಿಗೇ ತಾನೇ ಕೊಂಡದ್ದು? ಕೊನೆಗೆ ಒಂದು ಸರ್ಜಿಕಲ್ ಅಂಗಡಿಯಲ್ಲಿ ಆಸ್ಪತ್ರೆಯಿಂದ ಬಂದ ಹಳೆಯ ಹೋಲ್ಡರ್ ಹಿಡಿದುಕೊಂಡೆ, ಅದು ಈಗಲೂ ಗಟ್ಟಿ ಇದೆ.

ಇದೆಲ್ಲ ಬಿಟ್ಟು, ಯಾವ ಬೆಲೆಯ ಡಬ್ಬವೂ ಕೊಡದ ಕೆಲವು ಇವೆ. ಲ್ಯಾಪ್ರೋಸ್ಕೋಪಿಯಲ್ಲಿ ಆಗುವ ದೊಡ್ಡ ಅನಾಹುತಗಳಲ್ಲಿ ಸುಮಾರು ಅರ್ಧ, ಹೊಟ್ಟೆಗೆ ಮೊದಲ ಸೂಜಿ ಅಥವಾ ಟ್ರೊಕಾರ್ (ಚೂಪು ತುದಿಯ ಕೊಳವೆ) ಹಾಕುವಾಗಲೇ ಆಗುತ್ತವೆ. ಡಬ್ಬದಲ್ಲಿ ತೂತು ಮೊದಲೇ ಇದೆ. ಆ ಮೊದಲ ಸೂಜಿ, ವೆರೆಸ್, ಹೊಟ್ಟೆಯ ಪದರ ದಾಟುವಾಗ ಕೈಗೆ ಸಿಗುವ ಆ 'ಟಕ್' ಇಲ್ಲಿಲ್ಲ. ಗರ್ಭಕೋಶದ ರಕ್ತನಾಳದ ಕೆಳಗೇ ಯುರೇಟರ್ (ಮೂತ್ರನಾಳ) ಹಾದುಹೋಗುತ್ತದೆ, ಸರ್ವಿಕ್ಸ್‌ನಿಂದ (ಗರ್ಭಕೋಶದ ಬಾಯಿ) ಒಂದೂವರೆ ಎರಡು ಸೆಂಟಿಮೀಟರ್ ದೂರದಲ್ಲಿ. ಹಿಂದೆ ಎರಡು ಸಿಸೇರಿಯನ್ ಆಗಿ ಬ್ಲ್ಯಾಡರ್ (ಮೂತ್ರಕೋಶ) ಮೇಲಕ್ಕೆ ಅಂಟಿಕೊಂಡಿರುವ ಹೆಂಗಸಿನಲ್ಲಿ ಅದನ್ನೆಲ್ಲ ಗುರುತಿಸುವುದು, ಇವತ್ತು ಇಷ್ಟು ಸಾಕು, ಹೊಟ್ಟೆ ತೆರೆದೇ ಮಾಡೋಣ ಅಂತ ಸಕಾಲಕ್ಕೆ ಹೇಳುವುದು, ಇದು ಕೇಸುಗಳ ಪಕ್ಕ ನಿಂತೇ ಬರಬೇಕು. ವಾರದ ಕೋರ್ಸುಗಳೂ ಇದನ್ನು ಕೊಡುವುದಿಲ್ಲ. ಫೀಸು ಕೇಳಿದರೆ ಬೆವರು ಬರುತ್ತದೆ, ಅಲ್ಲಿ ಹೋಗಿ ಕೂತರೆ ಮುಕ್ಕಾಲು ಹೊತ್ತು ಕೈಗೆ ಸಿಗುವುದು ಇದೇ ಡಬ್ಬ. ಕೊನೆಗೆ ಒಂದು ಫೋಟೋ, ಒಂದು ಸರ್ಟಿಫಿಕೇಟ್. ಸರಿಯಾದ ಫೆಲೋಶಿಪ್ ಬೇರೆ ಮಾತು. ವರ್ಷ ಪೂರ್ತಿ ಕೇಸುಗಳ ಮಧ್ಯೆ ಇರುತ್ತೀರಿ. ಅಲ್ಲಿಗೆ ಹೋಗುವ ಮುಂಚೆಯೇ ಗಂಟು ಬರುತ್ತಿದ್ದರೆ ಆ ವರ್ಷ ಗಂಟಿಗೆ ಖರ್ಚಾಗುವುದಿಲ್ಲ.

ಎಲ್ಲರೂ ಕೊಳ್ಳಬೇಕು ಅಂತಲೂ ಇಲ್ಲ. ಫೀಟಲ್ ಮೆಡಿಸಿನ್ (ಹೊಟ್ಟೆಯೊಳಗಿನ ಮಗುವಿನ ಚಿಕಿತ್ಸೆ) ಕಡೆ ಮನಸ್ಸಿದ್ದವರಿಗೆ ಇದು ದಂಡ. ಅವರು ಸ್ಕ್ಯಾನ್ ರೂಮಿನಲ್ಲಿ ನಿಲ್ಲಲಿ. ಪಾಪ, ಅವರ ಕಷ್ಟ ಬೇರೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಜಾಗದಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಡುವ ಹಾಗಿಲ್ಲ, ಹಾಸ್ಟೆಲಿನಲ್ಲಿ ಡಬ್ಬ ಇಟ್ಟ ಹಾಗೆ ಅದನ್ನು ಇಟ್ಟುಕೊಳ್ಳಲಾಗುವುದಿಲ್ಲ. ಐವಿಎಫ್ ಕಡೆ ಹೋಗುವವರಿಗೆ ಅರ್ಧ ಉಪಯೋಗ, ಹಿಸ್ಟರೋಸ್ಕೋಪಿಗೆ (ಕೆಳಗಿನಿಂದ ಗರ್ಭಕೋಶದೊಳಗೆ ಸ್ಕೋಪ್ ಹಾಕುವುದು) ಈ ಪಾಠ ಬರುವುದಿಲ್ಲ. ತಾಲೂಕು ಆಸ್ಪತ್ರೆಗೆ ಸರ್ಕಾರಿ ಸೇವೆಯ ಬಾಂಡ್ ಮೇಲೆ ಹೋಗುವವರು ಮಾತ್ರ ತಪ್ಪದೆ ಜೊತೆಗೆ ಒಯ್ಯಿರಿ. ಅಲ್ಲಿ ಸಿಸೇರಿಯನ್ ಮೇಲೆ ಸಿಸೇರಿಯನ್ ಬರುತ್ತದೆ, ಲ್ಯಾಪ್ ಸೆಟ್ ಇದ್ದರೂ ಬಟ್ಟೆ ಹೊದ್ದುಕೊಂಡು ಕೂತಿರುತ್ತದೆ. ಬಾಂಡ್ ಮುಗಿಸಿ ಖಾಸಗಿ ಆಸ್ಪತ್ರೆಯ ಇಂಟರ್‌ವ್ಯೂಗೆ ಕೂತಾಗ ಕೇಳುವ ಮೊದಲ ಪ್ರಶ್ನೆಯೇ "ಲ್ಯಾಪ್ ಮಾಡ್ತೀರಾ?"

ಕೊಳ್ಳುವಾಗ ನೋಡಬೇಕಾದ್ದು ಹೇಳಿ ಮುಗಿಸುತ್ತೇನೆ. ತೂತುಗಳು ಪಕ್ಕದಲ್ಲೂ ಇರುವ ಮಾಡೆಲ್ ಸಿಕ್ಕರೆ ಸಾವಿರ ಎರಡು ಸಾವಿರ ಜಾಸ್ತಿಯಾದರೂ ಅದನ್ನೇ ತಗೊಳ್ಳಿ. ಕ್ಯಾಮೆರಾ ಕೈಯಿಂದ ತಿರುಗಿಸಲು ಬರುತ್ತದಾ ಕೇಳಿ. ಇನ್‌ಸ್ಟ್ರುಮೆಂಟ್ ಇಲ್ಲದ ಖಾಲಿ ಡಬ್ಬ ಕೊಂಡು, ಹೋಲ್ಡರ್ ಮತ್ತು ಮೇರಿಲ್ಯಾಂಡ್ ಬೇರೆ ಕಡೆ ಕೊಳ್ಳುವುದೇ ಲೇಸು. ವಾಯ್ದೆ ಮೀರಿದ ಸೂಚರುಗಳನ್ನು ಓಟಿ ಸಿಸ್ಟರನ್ನು ಕೇಳಿದರೆ ಕೊಡುತ್ತಾರೆ, 2-0 ಸಿಲ್ಕ್ ದಾರ ಶುರುವಿಗೆ ಒಳ್ಳೆಯದು, ವಿಕ್ರಿಲ್ ಆಮೇಲೆ. ಮೇಜು ಮೊಣಕೈಗಿಂತ ಸ್ವಲ್ಪ ಕೆಳಗಿರಲಿ, ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ, ಇಲ್ಲದಿದ್ದರೆ ಕತ್ತು ಹಿಡಿದುಕೊಂಡು ಡಬ್ಬಕ್ಕೆ ಬೈಯುತ್ತೀರಿ. ಇಬ್ಬರು ಮೂವರು ಸೇರಿ ಒಂದು ಕೊಂಡರೂ ನಡೆಯುತ್ತದೆ, ಎಲ್ಲರಿಗೂ ಒಂದೇ ರಾತ್ರಿ ಡ್ಯೂಟಿ ಇರುವುದಿಲ್ಲವಲ್ಲ. ಐದಕ್ಕೆ ಮೂರೂವರೆ ಸ್ಟಾರ್. ಅರ್ಧ ಕಳೆದದ್ದು ಹೋಲ್ಡರಿಗೆ, ಒಂದು ಪೂರ್ತಿ ಕಳೆದದ್ದು ಆ ತೂತುಗಳಿಗೆ.